ಡ್ರಿಲ್ ಮಾಸ್ಟ್ರು ಎಲ್ಲಿಂದ ಬಂದರು?

ನಮ್ಮ ಊರಿನ ಕನ್ನಡ ಶಾಲೆಯ ಟೈಮ್‌ಟೇಬಲ್ಲಿನಲ್ಲಿ ಡ್ರಿಲ್ಲಿಗೆ ಪಿರಿಯಡು ಈಗಲೂ ಉಂಟು. ಡ್ರಿಲ್ ಮಾಸ್ಟ್ರು ಇಲ್ಲ. ಹಿಂದಿನವರು ನಿವೃತ್ತರಾದ ಮೇಲೆ ಆ ಹುದ್ದೆ ಭರ್ತಿಯಾಗಲಿಲ್ಲ. ಆ ಹೊತ್ತಿಗೆ ಒಮ್ಮೆ ಗಣಿತದವರು ಬಂದು ಉಳಿದ ಪಾಠ ಮುಗಿಸ್ತಾರೆ, ಇನ್ನೊಮ್ಮೆ ಮಕ್ಕಳನ್ನು ಗುಡ್ಡೆಯ ಬಯಲಿಗೆ ಬಿಟ್ಟು ಯಾರಾದರೂ ಒಬ್ಬರು ಟೀಚರು ಗೇರುಮರದ ನೆರಳಿನಲ್ಲಿ ಕೂತು ಕಾಪಿ ಪುಸ್ತಕ ತಿದ್ದುತ್ತಾರೆ. ಕಳೆದ ವರ್ಷ ಪಿ.ಟಿ.ಎ. ಸಭೆಯಲ್ಲಿ ನಾನು ಈ ಮಾತು ಎತ್ತಿದೆ. ಒಬ್ಬರು ಪೋಷಕರು ನಗಾಡಿಕೊಂಡು, "ಆಡ್ಲಿಕ್ಕೆ ಮಾಸ್ಟ್ರು ಯಾಕೆ ಮಾಸ್ಟ್ರೇ? ಮಕ್ಕಳು ತಾವೇ ಆಡ್ತಾರಲ್ಲ" ಎಂದರು. ಸಭೆಯಲ್ಲಿ ಯಾರೂ ಅವರನ್ನು ವಿರೋಧಿಸಲಿಲ್ಲ. ನನಗೂ ಕೂಡಲೇ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಯೋಚಿಸಿದೆ, ಈ ಡ್ರಿಲ್ ಮಾಸ್ಟ್ರು ಎಂಬವರು ನಮ್ಮ ಶಾಲೆಗಳಿಗೆ ಬಂದದ್ದಾದರೂ ಎಲ್ಲಿಂದ, ಅವರು ಏನು ಕಲಿತು ಬಂದಿದ್ದರು ಎಂದು. ವಾಚನಾಲಯದ ಪುಸ್ತಕಕ್ಕೆ ಬರೆದುಕೊಡಿ ಎಂದು ಕೇಳಿದಾಗ ಇದನ್ನೇ ಬರೆಯುವ ಎಂದುಕೊಂಡೆ. ನಾನು ಸಮಾಜಪಾಠ ಹೇಳಿಕೊಟ್ಟವನು; ಓಟದಲ್ಲಿ ಎಂದೂ ಬಹುಮಾನ ಪಡೆದವನಲ್ಲ ಎಂಬುದನ್ನು ಮೊದಲೇ ಹೇಳಿಬಿಡ್ತೇನೆ.

ನಮ್ಮ ಕಡೆ ಮೈ ಬಳಸುವ ವಿದ್ಯೆ ಇರಲಿಲ್ಲ ಎಂದಲ್ಲ. ಚಂದ್ರಗಿರಿ ಹೊಳೆಯಿಂದ ಬಡಗಲಿಗೆ ಗರಡಿಗಳು, ತೆಂಕಲಿಗೆ ಕಳರಿಗಳು. ಕುಂಬಳೆ ಸೀಮೆಯ ಹುಡುಗರು ಯಕ್ಷಗಾನದ ಹೆಜ್ಜೆ ಕಲಿಯುವಾಗ ಮೊಣಕಾಲು ಎಷ್ಟು ಬಗ್ಗಬೇಕು, ಸೊಂಟ ಎಲ್ಲಿ ನಿಲ್ಲಬೇಕು ಎಂದು ಗುರುಗಳು ಕೋಲು ಹಿಡಿದು ತೋರಿಸುತ್ತಿದ್ದರು. ಆದರೆ ಇದೆಲ್ಲ ಜಾತಿ, ಮನೆತನ, ಮೇಳ ಎಂದು ಹಂಚಿಹೋದ ವಿದ್ಯೆ. ಎಲ್ಲರ ಮಕ್ಕಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಕಲಿಸುವ ಪದ್ಧತಿ ಶಾಲೆಯ ಜೊತೆಗೇ ಬಂತು. 1882ರ ಹಂಟರ್ ಆಯೋಗ ದೇಶೀ ಆಟಗಳು, ಅಂಗಸಾಧನೆ, ಡ್ರಿಲ್ಲು ಇವನ್ನೆಲ್ಲ ಶಾಲೆಗಳಲ್ಲಿ ಪ್ರೋತ್ಸಾಹಿಸಬೇಕೆಂದು ಶಿಫಾರಸು ಮಾಡಿತ್ತು. ಕಾಗದದಲ್ಲಿ ದೇಶೀ ಆಟದ ಹೆಸರು ಮೊದಲು ಬಂದರೂ ಶಾಲೆಗೆ ಬಂದದ್ದು ಡ್ರಿಲ್ಲೇ. ಅದಕ್ಕೆ ಕಾರಣ ಸರಳ, ಕಲಿಸುವವರು ಸಿಕ್ಕಿದ್ದು ಸೈನ್ಯದಿಂದ. ಪಿಂಚಣಿ ಪಡೆದು ಬಂದ ಹವಾಲ್ದಾರರು, ಸಿಪಾಯಿಗಳು ಶಾಲೆಯ ಡ್ರಿಲ್ ಇನ್‌ಸ್ಟ್ರಕ್ಟರರಾದರು. ಅವರಿಗೆ ಗೊತ್ತಿದ್ದದ್ದು ಪೆರೇಡು. ಗೊತ್ತಿದ್ದ ಭಾಷೆ ಪೆರೇಡಿನ ಇಂಗ್ಲಿಷು. ಸಂಬಳ ಉಳಿದ ಮಾಸ್ತರರಿಗಿಂತ ಕಡಿಮೆ, ಮರ್ಯಾದೆಯೂ ಅಷ್ಟಕ್ಕಷ್ಟೆ. ಗಂಟೆ ಹೊಡೆಯುವುದು, ಗಲಾಟೆ ಮಾಡಿದವರಿಗೆ ಬೆತ್ತ ಬೀಸುವುದು, ಮೆರವಣಿಗೆ ಬಂದರೆ ಮಕ್ಕಳನ್ನು ಸಾಲು ಮಾಡಿಸುವುದು ಇವೆಲ್ಲ ಅವರ ತಲೆಗೇ ಬಂತು. ಆ ಬೆತ್ತದ ಚಿತ್ರ ಡ್ರಿಲ್ ಮಾಸ್ಟ್ರನ್ನು ಇವತ್ತಿಗೂ ಬಿಟ್ಟಿಲ್ಲ.

ಇಲ್ಲೊಂದು ತಮಾಷೆ ಉಂಟು. ಆ ಕಾಲದ ಶಾಲೆಗಳಲ್ಲಿ ಬಾಟಲಿಯ ಆಕಾರದ ಮರದ ಗದೆಗಳನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸುವ ವ್ಯಾಯಾಮ ಇತ್ತು, 'ಇಂಡಿಯನ್ ಕ್ಲಬ್' ಎಂದು ಹೆಸರು. ನಮ್ಮ ಅಖಾಡಗಳಲ್ಲಿ ಪೈಲ್ವಾನರು ತಿರುಗಿಸುತ್ತಿದ್ದ ಮುದ್ಗರವನ್ನು ನೋಡಿ ಬ್ರಿಟಿಷ್ ಸೈನ್ಯಾಧಿಕಾರಿಗಳು ತಮ್ಮ ದೇಶಕ್ಕೆ ಒಯ್ದರು. ಅದು ಅಲ್ಲಿ ಸಣ್ಣದಾಗಿ, ನಯವಾಗಿ, ಇಂಗ್ಲಿಷ್ ಹೆಸರಿಟ್ಟುಕೊಂಡು ವಾಪಸು ನಮ್ಮ ಶಾಲೆಗೆ ಬಂತು.

ಡ್ರಿಲ್ ಹೇಳಿಕೊಡುವವನು ಸಿಪಾಯಿಯಲ್ಲ, ಅವನೂ ಒಬ್ಬ ಶಿಕ್ಷಕ, ಅವನಿಗೂ ತರಬೇತಿ ಬೇಕು ಎಂಬ ವಿಚಾರ ನಮ್ಮ ಕಡೆಗೆ ಮದ್ರಾಸಿನಿಂದ ಬಂತು. ಅದನ್ನು ತಂದವರು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು. ಅವರು ವೈ.ಎಂ.ಸಿ.ಎ. ಸಂಸ್ಥೆಯ ಕೆಲಸಕ್ಕೆ ಬಂದವರು. ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ಕಲಿತವರು. ಆ ಕಾಲೇಜು ಸಾಮಾನ್ಯದ್ದಲ್ಲ. 1891ರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಬಾಸ್ಕೆಟ್‌ಬಾಲ್ ಆಟವನ್ನು ಹುಟ್ಟುಹಾಕಿದ್ದು ಅಲ್ಲೇ. ಅದೇ ರಾಜ್ಯದ ಹೋಲಿಯೋಕ್ ಎಂಬ ಊರಿನ ವೈ.ಎಂ.ಸಿ.ಎ.ಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಮಾರ್ಗನ್ 1895ರಲ್ಲಿ ವಾಲಿಬಾಲನ್ನು ರೂಪಿಸಿದರು. ಬಾಸ್ಕೆಟ್‌ಬಾಲ್ ಸ್ವಲ್ಪ ಜೋರಿನ ಆಟ, ವಯಸ್ಸಾದವರೂ ಆಡಬಹುದಾದ ಆಟ ಒಂದು ಬೇಕು ಎಂಬುದು ಮಾರ್ಗನರ ಯೋಚನೆ. ನಮ್ಮ ಊರಿನಲ್ಲಿ ವಾಲಿಬಾಲ್ ಆಡುವವರನ್ನು ನೋಡಿದರೆ ಅದು ಮೆದು ಆಟವೆಂದು ಯಾರೂ ನಂಬಲಿಕ್ಕಿಲ್ಲ.

ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ತರಬೇತಿ ಶಾಲೆ ತೆರೆದರು. ಮೊದಲ ತಂಡದಲ್ಲಿ ಇದ್ದವರು ಐದೇ ಜನ ವಿದ್ಯಾರ್ಥಿಗಳು. ಭಾರತದಲ್ಲಿ ಈ ಬಗೆಯ ಸಂಸ್ಥೆ ಅದೇ ಮೊದಲು. ಮುಂದೆ ಅದು ಅಡ್ಯಾರ್ ಹೊಳೆಯ ಬದಿಯಲ್ಲಿ, ಸೈದಾಪೇಟೆಯ ಕಡೆ, ದೊಡ್ಡ ಬಯಲಿಗೆ ಹೋಯಿತು; ಇವತ್ತಿಗೂ ಅಲ್ಲೇ ಉಂಟು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತದಿಂದ ಹೋದ ಓಟಗಾರರ ತಂಡಕ್ಕೆ ಬಕ್ ಅವರೇ ಮ್ಯಾನೇಜರು. 1943ರಲ್ಲಿ ತೀರಿಕೊಳ್ಳುವ ತನಕವೂ ಅವರು ಆ ಕಾಲೇಜನ್ನು ಬಿಡಲಿಲ್ಲ. ಪದವಿ ಆದವರಿಗೆ ಅಲ್ಲಿ ಡಿಪ್ಲೊಮಾ, ಅದಕ್ಕಿಂತ ಕಡಿಮೆ ಓದಿದವರಿಗೆ ಸರ್ಟಿಫಿಕೇಟು. ಪರೀಕ್ಷೆಗೆ ಬರೇ ಮೈದಾನ ಅಲ್ಲ, ಪುಸ್ತಕವೂ ಇತ್ತು. ಎಲುಬು, ಸ್ನಾಯು, ರಕ್ತಸಂಚಾರ, ಪ್ರಥಮ ಚಿಕಿತ್ಸೆ, ಆರೋಗ್ಯಶಾಸ್ತ್ರ, ಪಾಠ ಯೋಜನೆ, ಆಟದ ನಿಯಮ, ತೀರ್ಪು ಕೊಡುವ ಕ್ರಮ.

ಈಗ ನಮ್ಮ ಸಂಬಂಧಕ್ಕೆ ಬರುವ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ದಕ್ಷಿಣ ಕನ್ನಡ ಮದ್ರಾಸು ಪ್ರಾಂತದ ಒಂದು ಜಿಲ್ಲೆ. ನಾವು ಮಾತ್ರ ಅಲ್ಲ. ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರ, ಇವತ್ತು ಗಡಿಯಾಚೆ ಎಂದು ಕರೆಸಿಕೊಳ್ಳುವ ಕನ್ನಡ ಸೀಮೆಗಳಲ್ಲಿ ಬಹುಪಾಲು ಮದ್ರಾಸಿಗೇ ಸೇರಿದ್ದವು. ಹಾಗಾಗಿ ಈ ಎಲ್ಲ ಸೀಮೆಗಳ ಹೈಸ್ಕೂಲುಗಳಿಗೂ ತರಬೇತಿ ಹೊಂದಿದ ಡ್ರಿಲ್ ಮಾಸ್ಟ್ರು ಬರಬೇಕಾದರೆ ದಾರಿ ಮದ್ರಾಸಿನದ್ದೇ. ನಮಗೆ ಒಂದು ಅನುಕೂಲ ಇತ್ತು. 1907ರಲ್ಲಿ ರೈಲು ಮಂಗಳೂರಿನವರೆಗೆ ಬಂದಿತ್ತು. ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಕಾಸರಗೋಡಿನಲ್ಲೋ ಹತ್ತಿದರೆ ಮರುದಿನ ಮದ್ರಾಸು. ಬೆಂಗಳೂರಿಗೆ ಹೋಗುವುದಾದರೆ ಘಾಟಿ ಹತ್ತಬೇಕಿತ್ತು. ಮದ್ರಾಸು ದೂರವಾದರೂ ಸುಲಭ.

ನನ್ನ ಹೈಸ್ಕೂಲಿನ ಡ್ರಿಲ್ ಮಾಸ್ಟ್ರು ಹಾಗೆ ಹೋಗಿ ಬಂದವರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಡಬ್ಬಿ ಮಾವಿನ ಮಿಡಿ ಉಪ್ಪಿನಕಾಯಿ ಹಿಡಿದು ರೈಲು ಹತ್ತಿದರಂತೆ. ಮನೆಯಲ್ಲಿ ಅವರ ಅಪ್ಪಯ್ಯನಿಗೆ ಇದು ಒಪ್ಪಿಗೆ ಇರಲಿಲ್ಲ. "ಹಾರುವುದು ಕಲಿಯಲಿಕ್ಕೆ ಮದ್ರಾಸಿಗೆ ಯಾಕೆ, ಕಂಗಿನ ಮರ ಇಲ್ಲೇ ಉಂಟಲ್ಲ" ಎಂದು ಹೇಳಿದ್ದರಂತೆ. ನಮ್ಮ ಮಾಸ್ಟ್ರು ಬಕ್ ಅವರನ್ನು ಕಂಡವರಲ್ಲ, ಅವರು ಹೋಗುವ ಹೊತ್ತಿಗೆ ಬಕ್ ತೀರಿಹೋಗಿದ್ದರು. ಆದರೂ 'ಬಕ್ ದೊರೆ' ಎಂದು ಹೇಳುವಾಗ ನಿನ್ನೆ ನೋಡಿ ಬಂದ ಹಾಗೆ ಹೇಳುತ್ತಿದ್ದರು. ನಾವು ಹುಡುಗರು ಅದನ್ನು ಪೂರ್ತಿ ನಂಬಿದ್ದೆವು. ಇಸವಿ ಲೆಕ್ಕ ಹಾಕಿ ನೋಡಿದ್ದು ನಾನು ಮಾಸ್ತರನಾದ ಮೇಲೆ.

ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಹಾಸ್ಟೆಲಿನಲ್ಲಿ ತಮಿಳು, ತೆಲುಗು, ಮಲಯಾಳ. ಬೋಧನಾಭ್ಯಾಸಕ್ಕೆ ಹತ್ತಿರದ ಶಾಲೆಗಳಿಗೆ ಕಳುಹಿಸುತ್ತಿದ್ದರು. ಅಲ್ಲಿನ ಮಕ್ಕಳು ತಮಿಳು. ಕನ್ನಡ ಹುಡುಗ ತಮಿಳು ಮಕ್ಕಳಿಗೆ ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟು ಕಲಿಸಬೇಕು. "ನನ್ನ ಮಾತು ಅವಕ್ಕೆ ಅರ್ಥ ಆಗ್ತಿರಲಿಲ್ಲ, ಅವರ ಮಾತು ನನಗೆ ಅರ್ಥ ಆಗ್ತಿರಲಿಲ್ಲ. ಹಾಗಾಗಿ ನಾನು ಮಾಡಿ ತೋರಿಸಬೇಕಾಯ್ತು. ಅದರಿಂದ ನಾನು ಕಲಿತೆ" ಎಂದು ಮಾಸ್ಟ್ರು ಹೇಳಿದ್ದು ನೆನಪುಂಟು. ದೇಹದ 206 ಎಲುಬುಗಳ ಇಂಗ್ಲಿಷ್ ಹೆಸರನ್ನು ಮುದುಕರಾದ ಮೇಲೂ ಅವರು ಸಂಧ್ಯಾವಂದನೆ ಮಂತ್ರದ ಹಾಗೆ ಒಪ್ಪಿಸುತ್ತಿದ್ದರು.

ತರಬೇತಿ ಅಂದರೆ ಏನು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಒಂದು ಸಂದರ್ಭದಲ್ಲಿ. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳ್ತೇನೆ, ಯಾಕೆಂದರೆ ಪಿ.ಟಿ.ಎ. ಸಭೆಯಲ್ಲಿ ಹೊಳೆಯದ ಉತ್ತರ ಇದರಲ್ಲೇ ಉಂಟು ಎಂದು ನನ್ನ ಭಾವನೆ. ವಾರ್ಷಿಕ ಕ್ರೀಡಾಕೂಟದ ಹಿಂದಿನ ದಿನ ಮಾಸ್ಟ್ರು ನಾಲ್ಕು ಹುಡುಗರನ್ನು ಕರೆದುಕೊಂಡು ಟ್ರ್ಯಾಕು ಹಾಕುತ್ತಿದ್ದರು. ಬೇಕಾದದ್ದು ಎರಡು ಗೂಟ, ಒಂದು ಹುರಿಹಗ್ಗ, ಒಂದು ಅಳತೆ ಟೇಪು, ಒಂದು ಗೋಣಿ ಸುಣ್ಣದ ಹುಡಿ. ನಮ್ಮ ಬಯಲು ಮುರಕಲ್ಲಿನ ಪಾದೆ. ಪೂರ್ತಿ ನಾನೂರು ಮೀಟರಿನ ಟ್ರ್ಯಾಕಿಗೆ ಜಾಗ ಇಲ್ಲ, ಇನ್ನೂರರದ್ದೇ ಗತಿ. ಲೆಕ್ಕ ಹೀಗೆ. ಎರಡು ಬದಿಯ ನೇರ ದಾರಿ 40 ಮೀಟರಿನಂತೆ 80. ಉಳಿದ 120 ಮೀಟರು ಎರಡು ಅರ್ಧ ವೃತ್ತಗಳಲ್ಲಿ ಬರಬೇಕು, ಅಂದರೆ ಒಂದು ಪೂರ್ತಿ ವೃತ್ತ. ಅದರ ತ್ರಿಜ್ಯ 19 ಮೀಟರ್ 10 ಸೆಂಟಿಮೀಟರು. ಆದರೆ ಓಡುವವನು ಗೆರೆಯ ಮೇಲೆಯೇ ಓಡುವುದಿಲ್ಲ, ಗೆರೆಯಿಂದ ಸ್ವಲ್ಪ ಹೊರಗೆ ಓಡ್ತಾನೆ. ಅದಕ್ಕೆ 20 ಸೆಂಟಿಮೀಟರು ಬಿಟ್ಟು ಗೆರೆಯನ್ನು 18 ಮೀಟರ್ 90ಕ್ಕೆ ಹಾಕಬೇಕು. ಹಗ್ಗವನ್ನು ಅಷ್ಟಕ್ಕೆ ಕಟ್ಟಿ, ಗೂಟಕ್ಕೆ ಸಿಕ್ಕಿಸಿ, ಒಬ್ಬ ಹಗ್ಗ ಬಿಗಿ ಹಿಡಿದು ನಡೆದಂತೆ ಇನ್ನೊಬ್ಬ ಹಿಂದಿನಿಂದ ಸುಣ್ಣ ಬಿಡುತ್ತಾ ಹೋಗಬೇಕು.

ಆಮೇಲೆ ಲೇನುಗಳು. ಒಂದೊಂದರ ಅಗಲ 1 ಮೀಟರ್ 22 ಸೆಂಟಿಮೀಟರು. ಇದೆಂತ ವಿಚಿತ್ರ ಅಳತೆ ಎಂದು ನಾವು ಕೇಳಿದ್ದೆವು. ಮಾಸ್ಟ್ರು ಮದ್ರಾಸಿನಲ್ಲಿ ಕಲಿತದ್ದು ಗಜ, ಅಡಿಗಳಲ್ಲಿ. ಆಗ ಟ್ರ್ಯಾಕು 440 ಗಜ, ಲೇನು ನಾಲ್ಕು ಅಡಿ. ಮೀಟರು ಬಂದ ಮೇಲೆ ಆ ನಾಲ್ಕು ಅಡಿಯೇ 1.22 ಆಗಿ ಉಳಿಯಿತು. ಇನ್ನು ಓಟ ಶುರುವಾಗುವ ಜಾಗ. ಹೊರಗಿನ ಲೇನಿನವನಿಗೆ ತಿರುವು ದೊಡ್ಡದು, ಆದ್ದರಿಂದ ದಾರಿ ಹೆಚ್ಚು. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ಹೊರಗಿನವನಿಗೆ ಅನ್ಯಾಯ. ಎಷ್ಟು ಅನ್ಯಾಯ? ಲೇನಿನ ಅಗಲವನ್ನು ಎರಡರಿಂದ, ಮತ್ತೆ ಇಪ್ಪತ್ತೆರಡು ಭಾಗಿಸು ಏಳರಿಂದ ಗುಣಿಸಿದರೆ 7 ಮೀಟರ್ 67 ಸೆಂಟಿಮೀಟರು. ಒಂದು ಸುತ್ತಿಗೆ ಒಂದೊಂದು ಲೇನಿನವನನ್ನೂ ಅಷ್ಟಷ್ಟು ಮುಂದೆ ನಿಲ್ಲಿಸಬೇಕು. ವೃತ್ತ ದೊಡ್ಡದಿರಲಿ, ಸಣ್ಣದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಹತ್ತನೇ ಕ್ಲಾಸಿನ ವೃತ್ತದ ಪಾಠ ನನಗೆ ಅರ್ಥವಾದದ್ದು ಗಣಿತದ ಪಿರಿಯಡಿನಲ್ಲಿ ಅಲ್ಲ, ಈ ಸುಣ್ಣದ ಗೋಣಿಯ ಬದಿಯಲ್ಲಿ.

ಕೊಯ್ಲು ಮುಗಿದ ಗದ್ದೆಯಲ್ಲಿ ಎರಡು ಕಂಗಿನ ಕಂಬ ನೆಟ್ಟು ಬಲೆ ಕಟ್ಟಿ ವಾಲಿಬಾಲ್ ಆಡುವ ಪದ್ಧತಿ ನಮ್ಮ ಊರಿಗೆ ಬಂದದ್ದೂ ಇಂಥ ಮಾಸ್ಟ್ರುಗಳಿಂದ. ಈ ಆಟಕ್ಕೆ ಜಾಗ ಸಾಲದು ಎಂಬುದಿಲ್ಲ, ಖರ್ಚು ಕಡಿಮೆ, ಹನ್ನೆರಡು ಜನಕ್ಕೆ ಒಂದು ಚೆಂಡು. ಮದ್ರಾಸಿನಲ್ಲಿ ಕಲಿತವರು ಒಂದೊಂದು ಹೈಸ್ಕೂಲಿಗೆ ಹೋದರು, ಅಲ್ಲಿಂದ ಆಟ ಊರ ಕ್ಲಬ್ಬುಗಳಿಗೆ ಇಳಿಯಿತು. ಕಣ್ಣೂರು ಕಡೆಯ ಪೇರಾವೂರಿನ ಜಿಮ್ಮಿ ಜಾರ್ಜ್ ಇಟಲಿಗೆ ಹೋಗಿ ಆಡಿ ಹೆಸರಾದದ್ದು ಈ ಬಳ್ಳಿಯಲ್ಲೇ ಬಿಟ್ಟ ಕಾಯಿ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಕನ್ನಡಿಗರ ದಾರಿ ಬೇರೆ. ಅವರ ಸುತ್ತ ಇದ್ದದ್ದು ಮಹಾರಾಷ್ಟ್ರದ ತಾಲೀಮಿನ ಪರಂಪರೆ. ಅಮರಾವತಿಯಲ್ಲಿ ವೈದ್ಯ ಸಹೋದರರು 1914ರಲ್ಲಿ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳ ಕಟ್ಟಿದರು. ಬೇಸಗೆ ರಜೆಯಲ್ಲಿ ಅಲ್ಲಿ ಶಿಕ್ಷಕರಿಗೆ ತರಬೇತಿ ನಡೆಯುತ್ತಿತ್ತು. ಮಲ್ಲಕಂಬ, ಲೇಜಿಮು, ಖೋ ಖೋ, ಹುತುತು. 1936ರ ಬರ್ಲಿನ್ ಒಲಿಂಪಿಕ್ಸಿನ ಸಮಯದಲ್ಲಿ ಈ ಮಂಡಳದವರು ಅಲ್ಲಿಗೆ ಹೋಗಿ ನಮ್ಮ ದೇಶದ ಆಟಗಳನ್ನು ಪ್ರದರ್ಶಿಸಿ ಬಂದರು. ಮಹಾರಾಷ್ಟ್ರದವರು ಹುತುತು ಎನ್ನುತ್ತಿದ್ದ, ತಮಿಳರು ಸಡುಗುಡು ಎನ್ನುತ್ತಿದ್ದ ಆಟವೇ ನಾವು ಈಗ ಹೇಳುವ ಕಬಡ್ಡಿ; 1990ರಲ್ಲಿ ಅದು ಏಷ್ಯನ್ ಗೇಮ್ಸಿಗೂ ಸೇರಿತು. ಜತ್ತಿಗೆ ಬಹಳ ದೂರವಲ್ಲದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ತನ್ನ ಶಾಲೆಗಳಲ್ಲಿ ಸೂರ್ಯನಮಸ್ಕಾರವನ್ನೇ ಪಾಠ ಮಾಡಿದ್ದರು. 1937ರಲ್ಲಿ ಮುಂಬಯಿ ಸರಕಾರ ಲೋನಾವಳದ ಸ್ವಾಮಿ ಕುವಲಯಾನಂದರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು, 1938ರಲ್ಲಿ ಕಾಂದಿವಲಿಯಲ್ಲಿ ಸರಕಾರದ್ದೇ ತರಬೇತಿ ಸಂಸ್ಥೆ ಶುರುವಾಯಿತು. ನಿಜಾಮರ ಸೀಮೆಯ ಕನ್ನಡಿಗರಿಗೆ 1931ರಲ್ಲಿ ಶುರುವಾದ ಹೈದರಾಬಾದಿನ ಕಾಲೇಜು.

ಮದ್ರಾಸಿನವರು ಹೊರದೇಶದ ಆಟ ತಂದರು, ಮಹಾರಾಷ್ಟ್ರದವರು ನಮ್ಮದನ್ನು ಉಳಿಸಿದರು ಎಂದು ಕೆಲವರು ಭಾಷಣದಲ್ಲಿ ಹೇಳುವುದುಂಟು. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಬಕ್ ಅವರ ಶಿಷ್ಯರಾದ ಪಿ.ಎಂ. ಜೋಸೆಫ್ ಅವರೇ ಕಾಂದಿವಲಿಯ ಸಂಸ್ಥೆಯನ್ನು ನಡೆಸಿದರು. ಗರಡಿಯ ವಿದ್ಯೆ ಎಲ್ಲ ಮಕ್ಕಳ ಶಾಲೆಗೆ ಬರಬೇಕಾದರೆ ಅದಕ್ಕೂ ಪಾಠ ಯೋಜನೆ, ವಯಸ್ಸಿಗೆ ತಕ್ಕ ಕ್ರಮ ಬೇಕು. ಅದನ್ನು ಕಲಿಸಿಕೊಟ್ಟದ್ದು ಮದ್ರಾಸಿನ ದಾರಿ. ಆದರೆ ನಮ್ಮ ಕಡೆಯ ಮಟ್ಟಿಗೆ ಒಂದು ಕೊರತೆ ಆದದ್ದು ಹೌದು. ಕಳರಿಯ ಮೈವಶ, ಯಕ್ಷಗಾನದ ಹೆಜ್ಜೆ, ಕುಟ್ಟಿದೊಣ್ಣೆ, ಲಗೋರಿ ಇವು ಯಾವುವೂ ಡ್ರಿಲ್ಲಿನ ಪಿರಿಯಡಿಗೆ ಬರಲಿಲ್ಲ. ಯಕ್ಷಗಾನ ಈಗ ಶಾಲಾ ಕಲೋತ್ಸವದಲ್ಲಿ ಸ್ಪರ್ಧೆಯಾಗಿ ಉಂಟು. ಬಯಲಿನಲ್ಲಿ ಇಲ್ಲ.

1956ರ ನವೆಂಬರ್ 1ರಂದು ನಾವು ಮಲಗಿದ್ದಲ್ಲೇ ರಾಜ್ಯ ಬದಲಾಯಿತು. ಅದರ ರಾಜಕೀಯ ಇಲ್ಲಿ ಬೇಡ, ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಅದಕ್ಕೂ ಮೊದಲೇ, 1953ರಲ್ಲಿ, ಆದವಾನಿ, ರಾಯದುರ್ಗದವರಿಗೆ ಆಂಧ್ರ ಆಗಿತ್ತು. ಮದ್ರಾಸಿನ ಸರ್ಟಿಫಿಕೇಟು ಹಿಡಿದವರು ಬೇರೆ ಬೇರೆ ಸರಕಾರಗಳ ನೌಕರರಾದರು. ಮುಂದೆ ಬರುವವರು ಎಲ್ಲಿ ಕಲಿಯಬೇಕು ಎಂಬುದೂ ಬದಲಾಯಿತು. ಕೇರಳದವರಿಗೆ ಕೋಝಿಕ್ಕೋಡಿನ ಈಸ್ಟ್ ಹಿಲ್ಲಿನ ಸರಕಾರಿ ಕಾಲೇಜು, 1985ರ ನಂತರ ತಿರುವನಂತಪುರದ ಕಾರ್ಯವಟ್ಟಂ. ಅಲ್ಲಿಗೆ ಹೋಗುವ ಕನ್ನಡ ಮಾಧ್ಯಮದ ಹುಡುಗರು ಬೆರಳೆಣಿಕೆ. ಹೆಚ್ಚಿನವರು ಮಂಗಳೂರಿನ ಕಡೆಗೇ ಮುಖ ಮಾಡಿದರು.

ಅಪ್ಪಣೆಯ ಭಾಷೆಯೂ ಬದಲಾಯಿತು. 1954ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಶಿಸ್ತು ಯೋಜನೆ ಎಂದು ಒಂದನ್ನು ಶುರು ಮಾಡಿತು. ಅದರ ಮುಖ್ಯಸ್ಥರು ಆಜಾದ್ ಹಿಂದ್ ಫೌಜಿನಲ್ಲಿದ್ದ ಜನರಲ್ ಜೆ.ಕೆ. ಭೋಂಸ್ಲೆ. ಎನ್.ಸಿ.ಸಿ. ಒಂದು ಕಡೆ, ಇದು ಒಂದು ಕಡೆ, ಡ್ರಿಲ್ಲು ಇನ್ನೊಂದು ಕಡೆ. ಹೀಗೆ ಹಲವು ಯೋಜನೆಗಳು ಒಂದರ ಮೇಲೊಂದು ಬಂದು, ಇವನ್ನು ಒಟ್ಟು ಸೇರಿಸುವುದು ಹೇಗೆಂದು ನೋಡಲು 1959ರಲ್ಲಿ ಕುಂಜ್ರು ಸಮಿತಿ ಆಯಿತು. ಈ ಗೌಜಿಯಲ್ಲಿ 'ಅಟೆನ್ಷನ್' ಹೋಗಿ 'ಸಾವಧಾನ್' ಬಂತು, 'ಸ್ಟ್ಯಾಂಡ್ ಅಟ್ ಈಸ್' ಹೋಗಿ 'ವಿಶ್ರಾಮ್' ಬಂತು. ನಾವು 'ದಾಹಿನೇ ಮುಡ್' ಎಂದರೆ ಬಲಕ್ಕೆ ತಿರುಗುವುದೆಂದು ಕಲಿತದ್ದು ಅರ್ಥ ತಿಳಿದಲ್ಲ, ಮುಂದಿನವನ ಬೆನ್ನು ನೋಡಿ. ಮನೆಯಲ್ಲಿ ತುಳು ಅಥವಾ ಹವ್ಯಕ ಭಾಷೆ, ಕ್ಲಾಸಿನಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಬಯಲಿನಲ್ಲಿ ಮೊದಲು ಇಂಗ್ಲಿಷು, ಆಮೇಲೆ ಹಿಂದಿ. ಕನ್ನಡದಲ್ಲಿ ಬಲಕ್ಕೆ ತಿರುಗಿ ಎಂದು ಡ್ರಿಲ್ಲಿನಲ್ಲಿ ಯಾರೂ ನಮಗೆ ಹೇಳಿದ್ದಿಲ್ಲ.

ಡ್ರಿಲ್ಲಿಗೆ ಭಾಷೆ ಎಂತಕ್ಕೆ, ಅಪ್ಪಣೆ ತಿಳಿದರೆ ಸಾಕಲ್ಲ ಎಂದು ಕೇಳುವವರಿದ್ದಾರೆ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮಕ್ಕೆ ಹಾಕಿದಾಗ ಗಣಿತ, ವಿಜ್ಞಾನಕ್ಕಾದರೆ ಊರವರು ಎದ್ದು ನಿಲ್ತಾರೆ, ಡ್ರಿಲ್ಲಿಗಾದರೆ ಸುಮ್ಮನಿರ್ತಾರೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ನಡೆದದ್ದು ಹೇಳ್ತೇನೆ. ಬೇಸಗೆಯ ಹೊತ್ತು, ಓಟದ ಅಭ್ಯಾಸ. ಆರನೇ ಕ್ಲಾಸಿನ ಹುಡುಗ ಒಬ್ಬ ಬಂದು "ಸಂಕಟ ಆಗ್ತದೆ ಸಾರ್" ಎಂದ. ಆ ಮಾಸ್ಟ್ರು ಒಳ್ಳೆಯವರೇ, ಮಲಯಾಳ ಮಾತ್ರ ಗೊತ್ತು. ಮಲಯಾಳದಲ್ಲಿ ಸಂಕಟ ಎಂದರೆ ಬೇಸರ, ದುಃಖ. ಓಟದಲ್ಲಿ ಹಿಂದೆ ಬಿದ್ದದ್ದಕ್ಕೆ ಹುಡುಗನಿಗೆ ಬೇಸರವಾಗಿದೆ ಎಂದು ತಿಳಿದು, ಬೆನ್ನು ತಟ್ಟಿ, ಇನ್ನೊಂದು ಸುತ್ತು ಓಡಿಸಿದರು. ಹುಡುಗ ಅರ್ಧ ಸುತ್ತಿನಲ್ಲಿ ಬವಳಿ ಬಂದು ಬಿದ್ದ. ನೀರು ಚಿಮುಕಿಸಿ, ನೆರಳಿಗೆ ತಂದು, ಅಂತೂ ಸುಧಾರಿಸಿಕೊಂಡ. ಆ ಮಾಸ್ಟ್ರು ನನ್ನ ಹತ್ತಿರ ಬಂದು ಆ ಶಬ್ದದ ಅರ್ಥ ಕೇಳಿ ತಿಳಿದುಕೊಂಡ ಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೈಯ ಮಾತು ಮಕ್ಕಳ ಬಾಯಿಂದ ಮನೆಯ ಭಾಷೆಯಲ್ಲೇ ಬರುವುದು. ಅದನ್ನು ಕೇಳಿ ತಿಳಿಯುವವರು ಬಯಲಿನಲ್ಲಿ ಇರಬೇಕು.

ಸ್ವಾತಂತ್ರ್ಯದ ನಂತರ ತರಬೇತಿಯ ಮಟ್ಟ ಏರಿದ್ದು ಹೌದು. 1857ರ ಹೋರಾಟಕ್ಕೆ ನೂರು ವರ್ಷ ತುಂಬಿದ ನೆನಪಿಗೆ 1957ರಲ್ಲಿ ಗ್ವಾಲಿಯರಿನಲ್ಲಿ ಝಾನ್ಸಿ ರಾಣಿಯ ಹೆಸರಿನಲ್ಲಿ ಲಕ್ಷ್ಮೀಬಾಯಿ ಕಾಲೇಜು ತೆರೆದು ಮೂರು ವರ್ಷದ ಪದವಿ ಶುರು ಮಾಡಿದರು. ಮೊದಲ ಪ್ರಾಂಶುಪಾಲರು ಅದೇ ಪಿ.ಎಂ. ಜೋಸೆಫ್. 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಬಂತು. ಅದು ಕೋಚುಗಳಿಗೆ. ಕೋಚು ಬೇರೆ, ದೈಹಿಕ ಶಿಕ್ಷಣ ಶಿಕ್ಷಕರು ಬೇರೆ. ಇದನ್ನು ಊರಿನವರು ಒಂದೇ ಎಂದು ತಿಳಿಯುತ್ತಾರೆ. ಪಿ.ಟಿ. ಉಷಾ ಅವರನ್ನು ಬೆಳೆಸಿದ ಓ.ಎಂ. ನಂಬಿಯಾರ್ ವಾಯುಪಡೆಯಲ್ಲಿದ್ದು ಪಟಿಯಾಲದಲ್ಲಿ ಕಲಿತ ಕೋಚು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಉಷಾ ಒಂದು ಸೆಕೆಂಡಿನ ನೂರನೇ ಒಂದು ಪಾಲಿನಿಂದ ಪದಕ ಕಳೆದುಕೊಂಡ ದಿನ ನಮ್ಮ ವಾಚನಾಲಯದ ರೇಡಿಯೋದ ಸುತ್ತ ನಿಂತವರಲ್ಲಿ ನಾನೂ ಒಬ್ಬ. ಕೋಚಿಗೆ ನೂರರಲ್ಲಿ ಒಂದು ಮಗು ಸಾಕು. ಶಾಲೆಯ ಮಾಸ್ಟ್ರ ಕೆಲಸ ಉಳಿದ ತೊಂಬತ್ತೊಂಬತ್ತು ಮಕ್ಕಳ ಹತ್ತಿರ.

ಆ ತೊಂಬತ್ತೊಂಬತ್ತರಲ್ಲಿ ಹೆಣ್ಣುಮಕ್ಕಳು ಲೆಕ್ಕಕ್ಕೆ ಬಂದದ್ದು ತಡವಾಗಿ. ನನ್ನ ಹೈಸ್ಕೂಲಿನಲ್ಲಿ ಡ್ರಿಲ್ಲಿನ ಹೊತ್ತಿಗೆ ಹುಡುಗಿಯರು ಹೊಲಿಗೆ ಕ್ಲಾಸಿನಲ್ಲಿ ಇರುತ್ತಿದ್ದರು. ನನ್ನ ತಂಗಿ ನನಗಿಂತ ಚೆನ್ನಾಗಿ ಓಡುತ್ತಿದ್ದಳು, ಅದು ಗೊತ್ತಿದ್ದದ್ದು ನಮ್ಮ ಮನೆಯ ದನಗಳಿಗೆ ಮಾತ್ರ.

ಈಗಿನ ತರಬೇತಿಯ ಬಗ್ಗೆ ಎರಡು ಮಾತು. ಹೈಸ್ಕೂಲಿಗೆ ಶಿಕ್ಷಕರಾಗಬೇಕಾದರೆ ಬಿ.ಪಿ.ಎಡ್. ಬೇಕು. ಮೊದಲು ಅದು ಒಂದು ವರ್ಷದ್ದಾಗಿತ್ತು, ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮದ ಮೇಲೆ ಎರಡು ವರ್ಷ, ನಾಲ್ಕು ಸೆಮಿಸ್ಟರು ಆಯಿತು. ಪದವಿ ಆಗಿರಬೇಕು, ಆಟೋಟದಲ್ಲಿ ಭಾಗವಹಿಸಿದ ದಾಖಲೆ ಬೇಕು, ಸೇರುವಾಗ ದೇಹಕ್ಷಮತೆಯ ಪರೀಕ್ಷೆ ಉಂಟು. ಅಂಗರಚನೆ, ಕ್ರೀಡಾ ಮನಶ್ಶಾಸ್ತ್ರ, ಯೋಗ, ಗಾಯದ ಆರೈಕೆ, ಮಾಪನ, ಶಾಲೆಯಲ್ಲಿ ಇಂಟರ್ನ್‌ಶಿಪ್ಪು. ಬಕ್ ಅವರ ಪಟ್ಟಿ ಎಲ್ಲಿಯೂ ಅಳಿದಿಲ್ಲ, ಉದ್ದವಾಗಿದೆ ಅಷ್ಟೆ. ನಮ್ಮ ಮಕ್ಕಳು ಕಣ್ಣೂರು ವಿಶ್ವವಿದ್ಯಾಲಯದ ಮಾಙಾಟ್ಟುಪರಂಬಕ್ಕೂ ಹೋಗ್ತಾರೆ, ಮಂಗಳೂರಿನ ಕಡೆಗೂ ಹೋಗ್ತಾರೆ. ಮಂಗಳೂರಿನ ಕಡೆ ಕಲಿತು ಬಂದರೆ ಇಲ್ಲಿ ಪಿ.ಎಸ್.ಸಿ.ಗೆ ಅರ್ಜಿ ಹಾಕುವಾಗ ಆ ಪದವಿ ಇಲ್ಲಿನದ್ದಕ್ಕೆ ಸಮಾನ ಎಂಬ ಕಾಗದ ತರಬೇಕು. ಆ ಕಾಗದಕ್ಕೆ ಅಲೆದವರಿಗೇ ಗೊತ್ತು.

ಅಷ್ಟಾದ ಮೇಲೂ ಹುದ್ದೆ ಇರಬೇಕಲ್ಲ. ಡ್ರಿಲ್ ಮಾಸ್ಟ್ರ ಹುದ್ದೆಯನ್ನು ಲೆಕ್ಕ ಹಾಕುವುದು ಮಕ್ಕಳ ಸಂಖ್ಯೆ, ಡಿವಿಷನ್ನು, ಪಿರಿಯಡುಗಳ ಮೇಲೆ. ದೊಡ್ಡ ಶಾಲೆಗೆ ಅದು ದಕ್ಕುತ್ತದೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗ್ತಾ ಬಂದ ಹಾಗೆ ಮೊದಲು ಹೋಗುವುದು ಇಂಥ ಹುದ್ದೆಗಳೇ. ಹೊಲಿಗೆ, ಚಿತ್ರ, ಸಂಗೀತ, ಡ್ರಿಲ್ಲು. 2009ರ ಶಿಕ್ಷಣ ಹಕ್ಕು ಕಾಯಿದೆ ಹೈಯರ್ ಪ್ರೈಮರಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆನ್ನುತ್ತದೆ, ಆಟದ ಬಯಲೂ ಬೇಕೆನ್ನುತ್ತದೆ. ನಮ್ಮಲ್ಲಿ ಬಯಲು ಉಂಟು. ನೂರು ಮಕ್ಕಳಿಗೆ ನಾಲ್ಕೈದು ಕಡಿಮೆ.

ನಮ್ಮ ಊರಿನದ್ದೇ ಒಬ್ಬಳು ಹುಡುಗಿ ಬಿ.ಪಿ.ಎಡ್. ಮುಗಿಸಿ ಬಂದಿದ್ದಾಳೆ. ಅವಳ ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ದೂರದ ಎರಡು ಶಾಲೆಗಳಲ್ಲಿ ದಿನಗೂಲಿ ಲೆಕ್ಕದಲ್ಲಿ ಕೆಲಸ, ಜೂನಿನಿಂದ ಮಾರ್ಚಿನ ತನಕ, ಮತ್ತೆ ಇಂಟರ್ವ್ಯೂ. ಕಳೆದ ಸಲ ನಮ್ಮ ಶಾಲೆಯ ಕ್ರೀಡಾಕೂಟಕ್ಕೆ ಟ್ರ್ಯಾಕು ಹಾಕಲು ಯಾರೂ ಇಲ್ಲವೆಂದು ಹೆಡ್‌ಮಾಸ್ಟ್ರು ಹೇಳಿದಾಗ ಅವಳೇ ರಜೆ ಹಾಕಿ ಬಂದಳು. ನಾನು ಸುಣ್ಣದ ಹುಡಿಯ ಗೋಣಿ ತಂದುಕೊಟ್ಟೆ. ಗೂಟ ಊರಿ, ಹಗ್ಗ ಅಳೆದು, ಒಂದು ಗಂಟೆಯಲ್ಲಿ ಆರು ಲೇನು ಹಾಕಿದಳು. ಓಟ ಶುರುವಾಗುವಾಗ ಮಕ್ಕಳು ಮುಂದೆ ಹಿಂದೆ ನಿಂತದ್ದನ್ನು ಕಂಡು, ಪಿ.ಟಿ.ಎ. ಸಭೆಯಲ್ಲಿ ನಕ್ಕಿದ್ದ ಅದೇ ಪೋಷಕರು ಎದ್ದು ಬಂದು ಜೋರು ಮಾಡಿದರು, "ಇದೆಂತ ಮೋಸ? ಆ ಹೊರಗಿನ ಹುಡುಗಿ ಅಷ್ಟು ಮುಂದೆ ನಿಂತಿದ್ದಾಳಲ್ಲ!" ಹುಡುಗಿ ಸೀಟಿಯನ್ನು ಬಾಯಿಂದ ತೆಗೆದು, "ಮಾವ, ಒಂದು ನಿಮಿಷ ಬನ್ನಿ" ಎಂದು ಅವರ ಕೈಗೆ ಟೇಪಿನ ಒಂದು ತುದಿ ಕೊಟ್ಟಳು.